ಹಲ್ಲಕ್ಕನ ಕುತ್ತಿಗೆಗೆ ಬಂದವರು

ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಎನ್ನುತ್ತಿದ್ದರು. ಹಲ್ಲು ಉಬ್ಬಿದ್ದಕ್ಕಲ್ಲ, ಕಟ್ಟುಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸಿದರೆ, ಅವಳು ಅದಕ್ಕೆ ಪ್ಲಾಸ್ಟರ್ ಹುಯ್ದು ದವಡೆಯ ಅಚ್ಚು ಮಾಡಿಕೊಂಡು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅವಳ ಕೆಲಸದ ಜಾಗ. ಗೋಡೆಯ ಹಲಗೆಗಳ ಮೇಲೆ ಯಾರ್‍ಯಾರದೋ ಬಿಳಿ ದವಡೆಗಳು ಬಾಯಿ ತೆರೆದು ಸಾಲಾಗಿ ಕೂತಿರುತ್ತಿದ್ದವು. ಹೊಸಬರು ಒಳಗೆ ಬರಲು ಅಂಜಿ ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದರು. ಅವಳು ನಗುತ್ತಿದ್ದಳು. "ಇಷ್ಟು ಬಾಯಿ ತೆಗೆದಿದ್ರೂ ಒಂದು ಚಾಡಿ ಹೇಳೋದಿಲ್ಲ. ಇಂಥ ನೆರೆಹೊರೆ ಎಲ್ಲಿ ಸಿಗುತ್ತೆ?"

ವರ್ಷಗಟ್ಟಲೆ ತಲೆ ಬಗ್ಗಿಸಿ ಮಾಡಿದ ಕೆಲಸ ಕೊನೆಗೆ ಕುತ್ತಿಗೆಗೇ ಬಂತು. ಮೊದಲು ಬಲಗೈ ಜೋಮು ಹಿಡಿಯಿತು. ಆಮೇಲೆ ಚಿಮಟದಿಂದ ಹಲ್ಲುಗಳು ಜಾರತೊಡಗಿದವು. ಕಾಲಿನ ಕೆಳಗೆ ಚೆಲ್ಲಿದ ಹಲ್ಲುಗಳನ್ನು ಗಂಡ ಆರಿಸಿಕೊಡುತ್ತಿದ್ದ. ಲಾರಿ ಓಡಿಸುವುದನ್ನು ಬಿಟ್ಟು ಮನೆಯಲ್ಲಿದ್ದ ಅವನೇ ಹಟ ಮಾಡಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದ.

ಕುತ್ತಿಗೆಯ ಎರಡು ಡಿಸ್ಕುಗಳು ಜಾರಿ ನರವನ್ನು ಒತ್ತುತ್ತಿದ್ದವು. ಅವನ್ನು ತೆಗೆದು, ಖಾಲಿಯಾದ ಜಾಗಕ್ಕೆ ಮೂಳೆಯ ತುಂಡು ಕೂರಿಸಿ, ಮುಂದೆ ಒಂದು ಲೋಹದ ಪಟ್ಟಿ ಬಿಗಿಯಬೇಕು ಎಂದರು ಡಾಕ್ಟರಮ್ಮ. ಮೇಲಿನ, ನಡುವಿನ, ಕೆಳಗಿನ ಮೂಳೆ ಮೂರೂ ಬೆಸೆದು ಒಂದಾಗಬೇಕು.

"ಆ ತುಂಡು ಎಲ್ಲಿಂದ ತರ್ತೀರಿ?"

"ನಿಮ್ಮ ಸೊಂಟದಿಂದಲೇ ತೆಗೀಬಹುದು. ಬೇಗ ಬೆಸೆಯುತ್ತೆ, ಆದ್ರೆ ಅಲ್ಲೊಂದು ಗಾಯ ಆಗುತ್ತೆ, ನೋವು ಬಹಳ ಕಾಲ ಕಾಡಬಹುದು. ಇಲ್ಲ, ತೀರಿಕೊಂಡವರು ದಾನ ಕೊಟ್ಟಿರೋ ಮೂಳೆ ಇರುತ್ತೆ, ಚೆನ್ನಾಗಿ ಶುದ್ಧ ಮಾಡಿಟ್ಟಿರ್ತಾರೆ. ಅದೂ ಬೇಡ ಅಂದ್ರೆ ಕೃತಕ ಮೂಳೆಪುಡಿ ತುಂಬಿದ ಸಣ್ಣ ಗೂಡು ಇಡಬಹುದು."

ಕೃತಕ ಎನ್ನುವುದು ಅವಳಿಗೆ ಹಿಡಿಸಲಿಲ್ಲ. "ದಿನವೆಲ್ಲ ಅದನ್ನೇ ಮಾಡ್ತೀನಿ, ನನ್ನೊಳಗೂ ಅದೇ ಯಾಕೆ?" ಎಂದಳು. ಸ್ಟೂಲಿನ ಮೇಲೆ ಕೂತು ದುಡಿಯುವವಳಿಗೆ ಸೊಂಟ ಕೊಯ್ಯಿಸಿಕೊಳ್ಳಲೂ ಮನಸ್ಸಿರಲಿಲ್ಲ. ದಾನದ ಮೂಳೆಗೆ ಒಪ್ಪಿದಳು.

"ಯಾರದು ಅಂತ ಹೇಳ್ತೀರಾ?"

"ನಮಗೂ ಗೊತ್ತಿರಲ್ಲ. ಅದರಲ್ಲಿ ಜೀವ ಇರೋದಿಲ್ಲಮ್ಮ, ಹೆದರಬೇಡಿ. ಬಳ್ಳಿಗೆ ಚಪ್ಪರ ಹಾಕಿದಂಗೆ. ನಿಮ್ಮ ಮೂಳೆ ಅದರ ಮೇಲೆ ಹಬ್ಬುತ್ತೆ. ಹಬ್ತಾ ಹಬ್ತಾ ಅದನ್ನ ಕರಗಿಸಿಕೊಂಡು, ತಾನೇ ಆ ಜಾಗ ತುಂಬುತ್ತೆ."

ಶಸ್ತ್ರಕ್ರಿಯೆ ಸರಾಗವಾಗಿ ಮುಗಿಯಿತು. ಕೈಯ ಜೋಮು ಇಳಿಯಿತು. ಕತ್ತಿಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದವಳು ಮೊದಲ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅವಳ ಮೂಳೆಗಳ ನಡುವೆ ಎರಡು ಬಿಳಿ ತುಂಡುಗಳು, ಬಸ್ಸಿನಲ್ಲಿ ಇಕ್ಕಟ್ಟಾಗಿ ಕೂತ ಪರವೂರಿನವರಂತೆ, ಅಂಚು ಎದ್ದು ಕಾಣುವಂತೆ ಕೂತಿದ್ದವು.

ಆಮೇಲೆ ಸದ್ದು ಶುರುವಾಯಿತು. ತುತ್ತು ನುಂಗಿದಾಗಲೆಲ್ಲ ಕುತ್ತಿಗೆಯೊಳಗೆ ಕಟ್ ಎನ್ನುತ್ತಿತ್ತು. ಊತ ಇಳಿಯುವವರೆಗೆ ಹಾಗೆಲ್ಲ ಆಗುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು. ಆದರೆ ಹಲ್ಲಿನ ಸದ್ದು ಅವಳಿಗೆ ಗೊತ್ತು. ಅದು ಕಡಿಯುವ ಸದ್ದು. ಮಧ್ಯಾಹ್ನ, ಬಿಳಿ ದವಡೆಗಳ ನಡುವೆ ಒಬ್ಬಳೇ ಕೂತಾಗ, ಬಾಯಲ್ಲಿ ಏನೂ ಇಲ್ಲದಿದ್ದರೂ ಕೇಳಿಸುತ್ತಿತ್ತು. ಹಿಂದೆ ಯಾರೋ ನಿಂತಂತಾಗುತ್ತಿತ್ತು. ತಿರುಗಿ ನೋಡೋಣವೆಂದರೆ ಕತ್ತು ತಿರುಗುವಂತಿಲ್ಲ. ಇಡೀ ಮೈ ತಿರುಗಿಸಿ ನೋಡುವಷ್ಟರಲ್ಲಿ, ಇದ್ದವರು ಮತ್ತೆ ಬೆನ್ನ ಹಿಂದಕ್ಕೇ ಸರಿದಿರುತ್ತಿದ್ದರು.

ಆ ಮೂಳೆಯವರು ಕೇಡು ಮಾಡಲು ಬಂದವರೆಂದು ಅವಳಿಗೆ ಅನಿಸಲಿಲ್ಲ. ಅನಿಸಿದ್ದು ಅದಕ್ಕಿಂತ ಕೆಟ್ಟದ್ದು. ಅವರೇ ಹೆದರಿದ್ದರು. ಅವಳು ಅವರನ್ನು ತಿನ್ನುತ್ತಿದ್ದಳು.

ಅವಳು ಊಟ ಕಡಿಮೆ ಮಾಡಿದಳು. ಗಂಡ ಕೇಳಿದರೆ ಗಂಟಲು ನೋವೆಂದಳು. ಹೊಟ್ಟೆ ಖಾಲಿಯಿದ್ದಾಗ ಸದ್ದು ಕಡಿಮೆಯಾದಂತೆ ತೋರುತ್ತಿತ್ತು. ಬೆನ್ನ ಹಿಂದೆಯೂ ಒಂದು ನೆಮ್ಮದಿ, ಯಾರೋ ಉಸಿರು ಬಿಟ್ಟಂತೆ. ಹಾಲು ಮುಟ್ಟುತ್ತಿರಲಿಲ್ಲ. ಅವಳ ಕೆನ್ನೆ ಒಳಗೆ ಸರಿದು, ಮುಖವೇ ಹಲಗೆಯ ಮೇಲಿನ ಅಚ್ಚುಗಳ ಹಾಗೆ ಆಗುತ್ತಾ ಬಂತು.

ಮುಂದಿನ ಸಲ ಡಾಕ್ಟರಮ್ಮ ಹೊಸ ಎಕ್ಸ್‌ರೇಯನ್ನು ಹಳೆಯದರ ಪಕ್ಕ ಹಿಡಿದು ನೋಡಿದರು. ತುಂಡುಗಳ ಅಂಚು ಇದ್ದ ಹಾಗೇ ಇತ್ತು.

"ಸರಿಯಾಗಿ ಊಟ ಮಾಡ್ತಿದ್ದೀರಾ?"

ಗಂಡ ಹೇಳಿದ: "ಹಕ್ಕಿ ಥರ ಕುಕ್ಕಿ ಬಿಡ್ತಾಳೆ, ಮೇಡಂ."

"ಮೂಳೆ ಹಬ್ಬದೇ ಇದ್ರೆ ಒಳಗಿನ ಲೋಹದ ಪಟ್ಟಿ ಸಡಿಲ ಆಗುತ್ತೆ. ಮತ್ತೆ ಕೊಯ್ದು, ಇದನ್ನ ತೆಗೆದು ಬಿಸಾಕಿ, ನಿಮ್ಮ ಸೊಂಟದ್ದು ಹಾಕಬೇಕಾಗುತ್ತೆ."

ಬಿಸಾಕಿ ಎಂಬ ಮಾತು ಅವಳ ಕಿವಿಯಲ್ಲೇ ಉಳಿಯಿತು. ಮನೆಗೆ ಬಂದು ಆ ಸದ್ದಿನ, ಬೆನ್ನ ಹಿಂದೆ ನಿಂತವರ ವಿಷಯ ಗಂಡನೆದುರು ಮೊದಲ ಸಲ ಬಾಯಿಬಿಟ್ಟಳು. ಅವನು ನಗುತ್ತಾನೆ ಎಂದುಕೊಂಡಿದ್ದಳು. ಅವನು ನಗಲಿಲ್ಲ.

"ನಾನೂ ಕೇಳಿದೀನಿ ಕಣೇ ಆ ಸದ್ದು," ಎಂದ. "ನೀನು ಮಲಗಿದ್ದಾಗ. ನಿನಗೆ ಹೇಳಿದ್ರೆ ಗಾಬರಿ ಆಗ್ತೀಯ ಅಂತ ಸುಮ್ಮನಿದ್ದೆ."

"ಮತ್ತೆ ಏನು ಮಾಡಲಿ?"

"ಅವರನ್ನ ಕಸದ ಬುಟ್ಟಿಗೆ ಹಾಕೋದಕ್ಕಿಂತ ನೀನೇ ತಿನ್ನೋದು ವಾಸಿ ಅಲ್ವಾ?"

ಅಂದು ಅವಳು ಮೊಟ್ಟೆ ಬೇಯಿಸಿಕೊಂಡು, ಒಂದು ಲೋಟ ಹಾಲು ಇಟ್ಟುಕೊಂಡು ಕೂತಳು. ಮೊದಲ ತುತ್ತಿಗೆ ಮುನ್ನ, ಕುತ್ತಿಗೆಯ ಮೇಲೆ ಕೈಯಿಟ್ಟು, "ತಪ್ಪು ತಿಳ್ಕೋಬೇಡಿ," ಎಂದಳು. ಕಟ್ ಎಂದಿತು. ತಿಂದಳು. ಅಳುತ್ತಲೇ ತಟ್ಟೆ ಖಾಲಿ ಮಾಡಿದಳು. ದಿನಾ ತಿಂದಳು. ಹಸಿವು ಎಂದರೆ ಎಂಥ ಹಸಿವು. ಗಂಡನ ತಟ್ಟೆಗೂ ಕೈ ಹೋಗುತ್ತಿತ್ತು. ಬೆನ್ನ ಹಿಂದೆ ನಿಂತವರು ದಿನದಿಂದ ದಿನಕ್ಕೆ ಸಣ್ಣಗಾದರು. ಮೊದಲು ಆಳೆತ್ತರ ಇದ್ದವರು ಸ್ಟೂಲಿನಷ್ಟಾದರು, ಆಮೇಲೆ ಮಂಡಿಯ ಹತ್ತಿರ ಎಲ್ಲೋ ಒಂದು ತಣ್ಣನೆ ಗಾಳಿಯಷ್ಟೇ.

ವರ್ಷ ತುಂಬುವ ಹೊತ್ತಿಗೆ ತೆಗೆದ ಎಕ್ಸ್‌ರೇಯಲ್ಲಿ ಅಂಚು ಇರಲಿಲ್ಲ. ಮೂರು ಮೂಳೆ ಸೇರಿ ಒಂದೇ ಕಂಬವಾಗಿತ್ತು.

"ಬಹಳ ಚೆನ್ನಾಗಿ ಕೂಡಿದೆ," ಎಂದರು ಡಾಕ್ಟರಮ್ಮ.

"ಅವರು?"

"ಯಾರು?"

ಅವಳು ಏನೂ ಇಲ್ಲವೆಂದು ತಲೆಯಾಡಿಸಲು ಹೋದಳು. ತಲೆ ಅರ್ಧಕ್ಕೇ ನಿಂತಿತು.

ಈಗಲೂ ಅವಳ ಕೈಯ ಸೆಟ್ಟುಗಳಿಗೆ ಬೇಡಿಕೆಯಿದೆ, ಬೆರಳು ನಡುಗುವುದಿಲ್ಲ. ಒಮ್ಮೆ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು: "ನಾನು ಹೋದ್ಮೇಲೆ ನನ್ನ ಮೂಳೆ ಕೊಟ್ಟುಬಿಡಿ."

"ಯಾರಿಗೆ?"

"ಯಾರಿಗಾದ್ರೂ. ಚೆನ್ನಾಗಿ ಉಣ್ಣೋರು ಆಗಿರಲಿ ಅಷ್ಟೇ. ನಿಧಾನ ಮಾಡಿದ್ರೆ ಬೆನ್ನ ಹಿಂದೆ ನಿಂತು ನಿಂತು ಸಾಕಾಗುತ್ತೆ."

ಗಂಡ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಅವಳು ತನ್ನ ಪಾಡಿಗೆ ಉಣ್ಣುತ್ತಿದ್ದಳು.