ಪಿಸ್ತೂಲನ್ನು ಎಲ್ಲಿಡುವುದು

ಇವತ್ತಿಗೂ ದಿಂಬು ಎಳೆಯುವ ಮೊದಲು ನಾನು ಅದರ ಕೆಳಗೆ ಕೈಯಾಡಿಸುತ್ತೇನೆ. ಮನೆಯಲ್ಲಿ, ಲಾಡ್ಜಿನಲ್ಲಿ, ನೆಂಟರ ಮನೆಯಲ್ಲಿ ಕೂಡ. ಹೆಂಡತಿ ಮೊದಮೊದಲು ನಗುತ್ತಿದ್ದಳು. ಈಗ ಹಾಸಿಗೆ ಹಾಸುವಾಗ ತಾನೇ ದಿಂಬನ್ನು ಎತ್ತಿ ಹಿಡಿದು, "ನೋಡ್ರಿ, ಏನೂ ಇಲ್ಲ" ಎಂದು ತೋರಿಸಿ ಇಡುತ್ತಾಳೆ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಕುವೈತಿನ ಸಲ್ವಾದಲ್ಲಿ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಹೋದವನು. ಅಬ್ಬಾಸಿಯಾದಲ್ಲಿ ಎರಡು ಕೋಣೆಯ ಮನೆ, ಮದುವೆಯಾಗಿ ಹೊಸದು. ಇರಾಕಿನ ಸೈನ್ಯ ನುಗ್ಗಿದ್ದ ಆ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಊರು ತನ್ನ ಗೋಡೆಗಳಿಗೆಲ್ಲ ಬಣ್ಣ ಬಳಿದುಕೊಂಡು ಕೂತಿತ್ತು. ಮನೆಗಳ ಒಳಗೆ ಏನೇನು ಉಳಿದಿತ್ತು ಎನ್ನುವುದು ನನ್ನಂಥ ಹೊರಗಿನವನಿಗೆ ಕಾಣುವ ಸಂಗತಿಯಾಗಿರಲಿಲ್ಲ.

ಹಾಜಿ ನನ್ನ ರೋಗಿ. ಅಲ್ಲಿ ವಯಸ್ಸಾದವರನ್ನೆಲ್ಲ ಹಾಗೆಯೇ ಕರೆಯುವುದು; ನಾನೂ ಹಾಗೆಯೇ ಕರೆಯುತ್ತಿದ್ದೆ. ಎಪ್ಪತ್ತು ದಾಟಿದ ಕುವೈತಿ ಮುದುಕ. ಸೊಂಟದಲ್ಲಿ ನರ ಒತ್ತಿಕೊಂಡು ಬಲಗಾಲು ಸೋತಿತ್ತು. ನೆಲಕ್ಕೆ ಬಾಗಲಾಗದೆ ಕುರ್ಚಿಯ ಮೇಲೆ ಕೂತು ನಮಾಜು ಮಾಡುತ್ತಿದ್ದರು. ಅದೊಂದನ್ನು ಅವರಿಗೆ ಸಹಿಸಲಾಗುತ್ತಿರಲಿಲ್ಲ. "ಓಡಿಸಬೇಡ, ಕುಣಿಸಬೇಡ. ಹಣೆ ನೆಲಕ್ಕೆ ತಾಗುವ ಹಾಗೆ ಮಾಡು, ಸಾಕು" ಎಂದು ಮೊದಲ ದಿನವೇ ಹೇಳಿದ್ದರು. ಹೇಳಿದ್ದು ಹಿಂದಿಯಲ್ಲಿ. ಎಣ್ಣೆ ಸಿಗುವ ಮೊದಲಿನ ಕಾಲದಲ್ಲಿ ಖರ್ಜೂರದ ಹಡಗಿನಲ್ಲಿ ಮುಂಬಯಿಗೆ ಹೋಗಿ ವರ್ಷಗಟ್ಟಲೆ ಅಲ್ಲಿ ಇದ್ದವರು ಅವರು. ನಾನು ಅಭ್ಯಾಸಬಲದಿಂದ ಇಂಗ್ಲಿಷಿನಲ್ಲಿ ಶುರು ಮಾಡಿದರೆ, "ನನ್ನ ಸೊಂಟಕ್ಕೆ ಇಂಗ್ಲಿಷ್ ಬರುವುದಿಲ್ಲ ಬೇಟಾ" ಎನ್ನುವರು.

ಸೊಂಟಕ್ಕೆ ಯಂತ್ರದಿಂದ ಕಾವು ಕೊಡುತ್ತಿದ್ದೆ. ಆ ಯಂತ್ರದ ಹತ್ತಿರ ಲೋಹ ಇರಕೂಡದು, ಚರ್ಮ ಸುಡುತ್ತದೆ. ಹಾಗಾಗಿ ರೋಗಿ ಮಲಗುವ ಮೊದಲು ಗಡಿಯಾರ, ಉಂಗುರ, ಕೀಲಿಕೈ ಎಲ್ಲ ತೆಗೆದು ಒಂದು ತಟ್ಟೆಯಲ್ಲಿ ಇಡಬೇಕು. ಹಾಜಿ ಪ್ರತಿಸಲ ತಪ್ಪದೆ ಇಡುತ್ತಿದ್ದರು. ಆ ದಿನವೂ ಇಟ್ಟರು. "ಲೋಹ ಎಲ್ಲ ತೆಗೆದಿರಾ ಹಾಜಿ?" ಎಂದು ಕೇಳಿದೆ. "ಖಲಾಸ್, ಮೈಮೇಲೆ ಏನೂ ಇಲ್ಲ" ಎಂದರು. ಅವರು ಹೇಳಿದ್ದು ನಿಜ. ಮೈಮೇಲೆ ಏನೂ ಇರಲಿಲ್ಲ.

ಅವರ ಮಂಡಿಯ ಕೆಳಗಿಡಲೆಂದು ತಲೆಯ ಹತ್ತಿರ ಇದ್ದ ಎರಡನೇ ದಿಂಬನ್ನು ಎಳೆದೆ. ಅದರ ಜೊತೆ ಏನೋ ಭಾರವಾದದ್ದು ಜಾರಿ ಬಂದು ಮಂಚದ ಅಂಚಿನಿಂದ ಕೆಳಗೆ ಬಿತ್ತು.

ಸದ್ದು ಕೇಳಿದ್ದು ನೆನಪಿಲ್ಲ. ಕಿವಿಯೊಳಗೆ ಒಂದು ಗುಂಯ್ ಎನ್ನುವುದು ತುಂಬಿಕೊಂಡಿದ್ದು ನೆನಪಿದೆ. ನಮಗೂ ಪಕ್ಕದ ಮಂಚಕ್ಕೂ ನಡುವೆ ಇದ್ದ ಪರದೆಯ ಕೆಳಭಾಗದಲ್ಲಿ ಒಂದು ತೂತು ಕಂಡಿತು. ಆ ಕಡೆ ಬಿಜಾಪುರದ ಒಬ್ಬ ಇಂಜಿನಿಯರ್ ಸ್ಟೂಲಿನ ಮೇಲೆ ಕೂತು, ಗೋಡೆಗೆ ಹಾಕಿದ ಚಕ್ರವನ್ನು ತಿರುಗಿಸುತ್ತ ಸೆಟೆದ ಭುಜಕ್ಕೆ ವ್ಯಾಯಾಮ ಮಾಡುತ್ತಿದ್ದರು. ಆ ಚಕ್ರದ ಕಿರ್ ಕಿರ್ ಸದ್ದು ನಿಂತುಹೋಗಿತ್ತು. ಪರದೆಯ ಕೆಳಗಿನಿಂದ ಬಿಳಿಯದೇನೋ ಹರಿದು ಬರುತ್ತಿತ್ತು. ಕೈಗಂಟುಗಳಿಗೆ ಕಾವು ಕೊಡಲು ಮೇಣ ಕರಗಿಸಿಡುವ ತೊಟ್ಟಿ ಒಡೆದಿತ್ತು. ಅದು ಮೇಣವೆಂದು ಗೊತ್ತಾಗಲು ನನಗೆ ಎಷ್ಟು ಹೊತ್ತು ಹಿಡಿಯಿತೋ.

"ಡಾಕ್ಟ್ರ," ಪರದೆಯಾಚೆಯಿಂದ ದನಿ ಬಂತು, "ಏನ್ ಸಿಡೀತ್ರಿ? ನಿಮ್ಮ ಮಷೀನೇನ್ರಿ?"

ಅದೇ ದನಿ ಮತ್ತೆ ಕೇಳಿತು.

"ನಾನಂತೂ ಅದೀನಿ. ನೀವು ಅದೀರಿಲ್ಲೋ?"

ನಾನು ದಿಂಬನ್ನು ಎದೆಗವಚಿಕೊಂಡು ನಿಂತಿದ್ದೆನಂತೆ. ಅಷ್ಟರಲ್ಲಿ ಹಾಜಿ ಎದ್ದು ಕೂತಿದ್ದರು. ಒಬ್ಬರು ಹಿಡಿಯದೆ ಏಳಲಾಗದ ಮನುಷ್ಯ. ದಿಂಬನ್ನು ಕಿತ್ತುಕೊಂಡು ಪಕ್ಕಕ್ಕೆ ಎಸೆದು, ನನ್ನ ಎದೆ, ಹೊಟ್ಟೆ, ತೋಳುಗಳನ್ನು ಎರಡೂ ಕೈಯಿಂದ ಸವರಿ ಸವರಿ ನೋಡುತ್ತಿದ್ದರು, ಎಲ್ಲಾದರೂ ರಕ್ತ ಇದೆಯೇ ಎಂದು. "ಲಗಾ ತೋ ನಹೀ? ಬೇಟಾ, ತಗಲಲಿಲ್ಲ ತಾನೇ?" ಅವರ ಬೆರಳುಗಳು ತಣ್ಣಗಿದ್ದವು.

ಪೊಲೀಸರು ಬಂದರು. ಹಾಜಿಯ ಬಳಿ ಪಿಸ್ತೂಲಿಗೆ ಲೈಸನ್ಸ್ ಇತ್ತು, ಮನೆಯಲ್ಲಿಟ್ಟುಕೊಳ್ಳಲು ಮಾತ್ರ. ಬಂದವರಲ್ಲಿ ಒಬ್ಬನಿಗೆ ಅವರ ಮನೆಯ ಪರಿಚಯವಿತ್ತು. ತಂದೆಗೆ ಹೇಳುವ ಹಾಗೆ ಮೆಲ್ಲಗೆ ಎಚ್ಚರಿಸಿ ಹೋದರು. ಕೆಲವು ವರ್ಷಗಳಿಂದ ಹಾಜಿ ಅದನ್ನು ನಿಲುವಂಗಿಯೊಳಗೆ ಸೊಂಟಕ್ಕೆ ಕಟ್ಟಿಕೊಂಡೇ ಓಡಾಡುತ್ತಿದ್ದರೆಂದು ಆಮೇಲೆ ತಿಳಿಯಿತು. ಕ್ಲಿನಿಕ್ಕಿಗೆ ಬಂದಾಗ ಕಾರಿನಲ್ಲಿ ಡ್ರೈವರನ ಹತ್ತಿರ ಬಿಡುತ್ತಿದ್ದರು. ಅವತ್ತು ಡ್ರೈವರನಿಗೆ ಜ್ವರ, ಟ್ಯಾಕ್ಸಿಯಲ್ಲಿ ಬಂದಿದ್ದರು. ಕ್ಲಿನಿಕ್ಕಿನ ಮಾಲೀಕ ಡಾಕ್ಟರು, "ಅದು ಇನ್ನು ಈ ಗೇಟು ದಾಟುವಂತಿಲ್ಲ, ಕಾರಿನಲ್ಲೂ ಬೇಡ" ಎಂದರು. "ಹಾಗಾದರೆ ನಾನೂ ದಾಟುವುದಿಲ್ಲ" ಎಂದು ಹಾಜಿ ಹೊರಟುಹೋದರು.

ಆ ಶುಕ್ರವಾರ ಮಧ್ಯಾಹ್ನ ಬಿಜಾಪುರದ ಇಂಜಿನಿಯರ್ ನಮ್ಮ ಮನೆಗೆ ಊಟಕ್ಕೆ ಬಂದರು. ಅವರ ಸಂಸಾರ ಊರಲ್ಲಿತ್ತು. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಕೈಯಿಂದ ಹಿಟ್ಟು ತಟ್ಟುವ ಆ ಸದ್ದಿಗೂ ನಾನು ಬೆಚ್ಚಿಬೀಳುತ್ತಿದ್ದೆ. ಅದನ್ನು ಕಂಡು ಅವಳು ತಟ್ಟುವುದು ಬಿಟ್ಟು ಲಟ್ಟಿಸತೊಡಗಿದಳು.

"ಬ್ಯಾಂಕಿನ್ಯಾಗ ಇರ್ಲಿ, ವಾಚ್‌ಮನ್ ಕೈಯಾಗ," ಇಂಜಿನಿಯರ್ ಬೆರಳು ಮಡಚುತ್ತ ಹೇಳಿದರು. "ಬಂಗಾರದ ಅಂಗಡ್ಯಾಗ ಇರ್ಲಿ. ದವಾಖಾನ್ಯಾಗ ಯಾಕ್ರೀ? ಮಲಕೊಂಡಾವನ ಕಡೆ ಯಾಕ?"

"ಹಂಗಂದ್ರ ರಸ್ತೆದಾಗ ಇರಬಹುದೇನ್ರಿ ಅಣ್ಣಾರ?" ಹೆಂಡತಿ ಕೇಳಿದಳು.

"ರಸ್ತೆದಾಗ... ನೋಡ್ರಿ ವೈನಿ, ಖರೇ ಹೇಳ್ಲೇನು? ಆ ಸಪ್ಪಳ ಆದಕೂಡ್ಲೆ ನನಗ ಏನ್ ಅನಿಸ್ತು ಗೊತ್ತೇನು? ನನ್ನ ಕಡೆನೂ ಒಂದಿರಬೇಕಿತ್ತು ಅಂತ. ಬರಿಗೈಲೆ ಕುಂತಿದ್ನಲ್ಲ ಅಂತ ಸಿಟ್ಟು ಬಂತು."

"ಇದ್ದಿದ್ರ ಏನ್ ಮಾಡ್ತಿದ್ರಿ?"

"ಹಾರಸ್ತಿದ್ದೆ. ಮತ್ತೇನು?"

"ಯಾರ್ ಕಡೆ?"

"ಸಪ್ಪಳ ಬಂದ ಕಡೆ."

ಹೆಂಡತಿ ಲಟ್ಟಣಿಗೆ ಕೆಳಗಿಟ್ಟಳು. "ನಡುವ ಪರದೆ ಇತ್ತಲ್ರಿ. ಆ ಕಡೆ ಇವ್ರು ನಿಂತಿದ್ರು."

ಇಂಜಿನಿಯರ್ ನನ್ನ ಕಡೆ ನೋಡಿದರು. ಬಾಯಿಗೆ ಒಯ್ಯುತ್ತಿದ್ದ ತುತ್ತು ತಟ್ಟೆಗೆ ಮರಳಿತು. "ಡಾಕ್ಟ್ರ, ನನ್ನ ಭುಜ ಸೆಟದದ್ದು ಚಲೋ ಆತು ಬಿಡ್ರಿ" ಎಂದರು. ಮೂವರೂ ನಕ್ಕೆವು. ಹೆಂಡತಿ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೆಲವು ದಿನ ಕಳೆದ ಮೇಲೆ ಹಾಜಿಯ ಸೊಸೆ ಕ್ಲಿನಿಕ್ಕಿಗೆ ಫೋನ್ ಮಾಡಿದಳು. ಮಾವ ಮತ್ತೆ ಪಾದವನ್ನು ನೆಲದ ಮೇಲೆ ಎಳೆದುಕೊಂಡು ನಡೆಯುತ್ತಿದ್ದಾರೆ, ಮನೆಗೆ ಬಂದು ನೋಡುವಿರಾ? ಮಾಲೀಕ ಡಾಕ್ಟರು ನನ್ನ ಇಷ್ಟಕ್ಕೆ ಬಿಟ್ಟರು. ನನಗೆ ಇಷ್ಟವಿರಲಿಲ್ಲ. ನನ್ನ ಬೆರಳುಗಳು ಯಾವ ರೋಗಿಯ ಮೈಮೇಲೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಕೈಯನ್ನೇ ನೆಚ್ಚಿ ದುಡಿಯುವವನಿಗೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇಲ್ಲ.

"ಹೋದ್ರೂ ನಡಗ್ತಾವ, ಹೋಗದಿದ್ರೂ ನಡಗ್ತಾವ," ಹೆಂಡತಿ ನನ್ನ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಹೇಳಿದಳು. "ಆದ್ರ ಆ ಅಜ್ಜನ ಕಾಲಿಗೆ ನೀವು ಹೋದ್ರ ಫರಕ್ ಆಕ್ಕೇತಿ."

ಹೋದೆ. ಹಾಜಿ ಗೋಡೆಗೆ ತಲೆ ಮಾಡಿ ನೆಲದ ಹಾಸಿಗೆಯ ಮೇಲೆ ಮಲಗಿದ್ದರು. ಪಕ್ಕದ ಸಣ್ಣ ಮೇಜಿನ ಮೇಲೆ, ಜಪಮಣಿಯ ಹತ್ತಿರ, ಅದು ಇತ್ತು. ನಾನು ಹೊಸ್ತಿಲಲ್ಲೇ ನಿಂತೆ.

"ಹಾಜಿ, ಗುಂಡುಗಳನ್ನಾದರೂ ತೆಗೆದಿಡಿ."

"ಗುಂಡಿಲ್ಲದಿದ್ದರೆ ಅದು ಸುತ್ತಿಗೆ."

"ಪಕ್ಕದ ಕೋಣೆಯಲ್ಲಿ ಇಡಿ."

"ಅಲ್ಲಿ ಮಾತ್ರ ಬೇಡ." ದನಿ ಗಡುಸಾಯಿತು. ಮರುಕ್ಷಣ ತಾವೇ ನಗಲು ನೋಡಿದರು. "ಎಲ್ಲ ಕಡೆಗೂ ಒಯ್ಯುವ ಹುಚ್ಚನಲ್ಲ ನಾನು. ಮಸೀದಿಗೆ ಒಯ್ಯುವುದಿಲ್ಲ. ಮೀನಿನ ಮಾರ್ಕೆಟ್ಟಿಗೆ ಒಯ್ಯುವುದಿಲ್ಲ, ಅಲ್ಲಿ ಎಲ್ಲರ ಕೈಯಲ್ಲೂ ಚೂರಿ ಇರುತ್ತದೆ, ಸುಮ್ಮನೆ ಪೈಪೋಟಿ."

"ಕ್ಷೌರದ ಅಂಗಡಿಗೆ?"

"ಒಯ್ಯುತ್ತೇನೆ. ಅಲ್ಲಿ ನಾನು ಕಣ್ಣು ಮುಚ್ಚಿರುತ್ತೇನಲ್ಲ."

ಹೀಗೆ ಚೌಕಾಸಿ ನಡೆಯಿತು. ಕೊನೆಗೆ ಮೇಜಿನಿಂದ ಟಿವಿಯ ಮೇಲೆ ಇಡಿಸಲು ಒಪ್ಪಿದರು. ಅದಕ್ಕಿಂತ ಆಚೆಗೆ ಇಲ್ಲ. ಅವರನ್ನು ಬೋರಲು ಮಲಗಿಸಿ ಸೊಂಟಕ್ಕೆ ಎಣ್ಣೆ ಹಚ್ಚಿ ಕೈಯಿಟ್ಟೆ. ಟಿವಿ ನನ್ನ ಬೆನ್ನ ಹಿಂದೆ ಇತ್ತು. ತಿರುಗಿ ನೋಡಬಾರದೆಂದು ಅಂದುಕೊಂಡಷ್ಟೂ ಕೈ ನಡುಗಿತು.

"ಇದೇನು, ಹೊಸ ಮಷೀನು ತಂದಿದ್ದೀಯಾ?" ಹಾಜಿ ದಿಂಬಿನೊಳಗಿಂದ ಕೇಳಿದರು.

"ಇಲ್ಲ ಹಾಜಿ. ನನ್ನ ಕೈ."

ಅವರ ಬೆನ್ನಿನ ಸ್ನಾಯು ನನ್ನ ಅಂಗೈಯ ಕೆಳಗೆ ಗಟ್ಟಿಯಾಯಿತು. ರೋಗಿಯ ಮುಖ ಕಾಣದಿದ್ದರೂ ಅವನು ಏನು ನೆನೆಯುತ್ತಿದ್ದಾನೆಂಬುದು ಸ್ವಲ್ಪ ಸ್ವಲ್ಪ ಕೈಗೆ ತಿಳಿಯುತ್ತದೆ. ನನ್ನದು ಅವರಿಗೆ ತಿಳಿದ ಹಾಗೆಯೇ.

"ನನ್ನ ಮಗನನ್ನು ಇರಾಕಿನವರು ಕರೆದೊಯ್ದ ದಿನ," ಅವರು ಅದೇ ಹಿಂದಿಯಲ್ಲಿ, ಆದರೆ ನಿಧಾನವಾಗಿ ಹೇಳಿದರು, "ಇದು ಪಕ್ಕದ ಕೋಣೆಯ ಬೀರುವಿನಲ್ಲಿತ್ತು. ನಾನು ಈ ಕೋಣೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಸೈನಿಕರು ಬಂದರು, ಹೆಸರು ಕೇಳಿದರು, ಅವನು ಎದ್ದು ನಿಂತ. ನಾನು ಆ ಕೋಣೆಗೆ ಹೋಗಿ ಬೀಗ ತೆಗೆದು ಬರುವಷ್ಟರಲ್ಲಿ ಗಾಡಿ ಹೋಗಿತ್ತು. ಅವನ ಲೋಟದಲ್ಲಿ ಚಹಾ ಇನ್ನೂ ಬಿಸಿಯಿತ್ತು."

ಆ ಮಗ ಮರಳಲಿಲ್ಲ. ಇದ್ದಾನೆ ಎಂದೂ ಇಲ್ಲ ಎಂದೂ ಯಾರೂ ಹೇಳಿರಲಿಲ್ಲ. ಫೋನ್ ಮಾಡಿದ್ದ ಸೊಸೆ ಅವನ ಹೆಂಡತಿ.

ನನ್ನ ಬಳಿ ಒಂದು ವಾದವಿತ್ತು. ಅವತ್ತು ಪಿಸ್ತೂಲು ನಿಮ್ಮ ಸೊಂಟದಲ್ಲೇ ಇದ್ದಿದ್ದರೆ, ಅಷ್ಟು ಜನ ಸೈನಿಕರ ಎದುರು, ಮಗನೂ ನೀವೂ ಇದೇ ಹಾಸಿನ ಮೇಲೆ ಬೀಳುತ್ತಿದ್ದಿರಿ. ನನ್ನ ಹೆಂಡತಿಯ ಪರದೆಯ ಮಾತಿನಷ್ಟೇ ನೇರವಾದ ವಾದ. ಬಾಯಿಯವರೆಗೆ ಬಂದಿತ್ತು. ಆದರೆ ಆ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಅದನ್ನು ಹೇಳಲು ನನ್ನಿಂದ ಆಗಲಿಲ್ಲ. ಆ ಲೆಕ್ಕವನ್ನು ಅವರು ನನಗಿಂತ ಹೆಚ್ಚು ಸಲ ಹಾಕಿರಬೇಕು.

"ಏಳಿ ಹಾಜಿ, ಒಂದು ನಿಮಿಷ" ಎಂದು ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. ಹಾಸಿಗೆಯನ್ನು ಎಳೆದು ತಿರುಗಿಸಿದೆ. ಈಗ ಮಲಗಿದರೆ ಮುಖ ಬಾಗಿಲಿಗೆ ಇರುತ್ತಿತ್ತು; ಪಡಸಾಲೆ, ಅದರಾಚೆ ಬೀದಿಯ ಬಾಗಿಲು, ಎಲ್ಲ ಕಾಣುತ್ತಿತ್ತು. "ಯಾರು ಬಂದರೂ ನನಗಿಂತ ಮೊದಲು ನಿಮಗೇ ಕಾಣುತ್ತದೆ" ಎಂದೆ.

ಅವರು ಹಾಸಿಗೆಯನ್ನು ನೋಡಿದರು, ಬಾಗಿಲನ್ನು ನೋಡಿದರು. ಆಮೇಲೆ ನನ್ನ ಕೈಗಳನ್ನು. ಸೊಸೆಯನ್ನು ಕೂಗಿ ಅರಬ್ಬಿಯಲ್ಲಿ ಏನೋ ಹೇಳಿದರು. ಅವಳು ಚಹಾದ ತಟ್ಟೆ ತಂದು, ಟಿವಿಯ ಮೇಲಿದ್ದುದನ್ನು ಅದರಲ್ಲಿಟ್ಟು, ಮೇಲೆ ಕೈವಸ್ತ್ರ ಮುಚ್ಚಿ, ಬಿಸಿಯಾದದ್ದನ್ನು ಒಯ್ಯುವ ಹಾಗೆ ತೋಳು ಚಾಚಿ ಪಕ್ಕದ ಕೋಣೆಗೆ ಒಯ್ದಳು. ಬೀರು ಮುಚ್ಚಿದ ಸದ್ದು ಕೇಳಿತು. ಹಾಜಿ ಕಣ್ಣು ಮುಚ್ಚಿದರು. ಸೊಸೆ ಮರಳಿ ಬಂದು ಪಡಸಾಲೆಯ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಳು. ನಾನು ಕೆಲಸ ಮುಗಿಸುವವರೆಗೂ ಅಲ್ಲಿಂದ ಕದಲಲಿಲ್ಲ.

ಹಾಜಿಯನ್ನು ಮತ್ತೆ ಬೋರಲು, ಮುಖ ಬಾಗಿಲ ಕಡೆಗೆ ಇರುವಂತೆ ಮಲಗಿಸಿ ಸೊಂಟಕ್ಕೆ ಕೈಯಿಟ್ಟೆ. ಬಾಗಿಲಿನ ಮೇಲೆ ನೆಟ್ಟ ಅವರ ಕಣ್ಣು ಒಮ್ಮೆಯೂ ಅಲುಗಲಿಲ್ಲ. ಯಾವಾಗಲೋ ಒಂದು ಹೊತ್ತಿಗೆ ನನ್ನ ಹೆಬ್ಬೆರಳುಗಳು ಹುಡುಕುತ್ತಿದ್ದ ಜಾಗವನ್ನು ಕಂಡುಕೊಂಡು ಅಲ್ಲಿ ನಿಂತವು.

"ಹಾಂ," ಎಂದರು ಹಾಜಿ. "ಈಗ ನಿನ್ನ ಕೈ ಬಂತು."

ಆ ಚಳಿಗಾಲವೆಲ್ಲ ಹೋದೆ. ಪ್ರತಿಸಲ ನಾನು ಬರುವ ಮೊದಲೇ ಹಾಸಿಗೆ ಬಾಗಿಲಿಗೆ ಮುಖ ಮಾಡಿರುತ್ತಿತ್ತು, ಮೇಜಿನ ಮೇಲೆ ಜಪಮಣಿ ಮಾತ್ರ. ಹೊರಗೆ ಹೋಗುವಾಗ ಪಿಸ್ತೂಲನ್ನು ಕಟ್ಟಿಕೊಳ್ಳುತ್ತಿದ್ದರೋ ಏನೋ. ಕೇಳಲಿಲ್ಲ. ಎಲ್ಲಿ ಇರಬಹುದು, ಎಲ್ಲಿ ಇರಬಾರದು ಎಂಬ ನಮ್ಮ ಚರ್ಚೆ ಆ ಒಂದು ಕೋಣೆಯ ಮಟ್ಟಿಗೆ ಮುಗಿದಿತ್ತು, ಉಳಿದ ಊರಿನದು ಹಾಗೇ ಉಳಿಯಿತು.

ಒಂದು ಮಧ್ಯಾಹ್ನ, ನಮಾಜಿನ ಹೊತ್ತಲ್ಲ, ಬರೀ ಅಭ್ಯಾಸಕ್ಕೆಂದು ಅವರನ್ನು ಮಂಡಿಯೂರಿಸಿದೆ. "ಬಿದ್ದರೆ?" ಎಂದರು. "ಹಿಡಿದಿದ್ದೇನೆ" ಎಂದೆ. ಒಂದು ಕೈ ಎದೆಯ ಕೆಳಗೆ. ಇನ್ನೊಂದು ಕೈ ಬಲಗಡೆಯ ಸೊಂಟದ ಮೇಲೆ. ವರ್ಷಗಟ್ಟಲೆ ಪಿಸ್ತೂಲಿನ ಪಟ್ಟಿ ಕಟ್ಟಿ ಕಟ್ಟಿ ಅಲ್ಲಿ ಚರ್ಮ ದಪ್ಪಗಟ್ಟಿ ಒರಟಾಗಿತ್ತು, ಬಟ್ಟೆಯ ಮೇಲಿಂದಲೂ ತಿಳಿಯುತ್ತಿತ್ತು. ಹಾಜಿ ಮೆಲ್ಲಗೆ ಬಾಗಿದರು. ಹಣೆ ನೆಲ ಮುಟ್ಟಿತು. ಬಾಗಿಲು ಈಗ ಅವರಿಗೆ ಕಾಣುತ್ತಿರಲಿಲ್ಲ. ಅವರು ಏಳಲು ಅವಸರ ಮಾಡಲಿಲ್ಲ. ಅವರ ಪರವಾಗಿ ನಾನು ಬಾಗಿಲನ್ನು ನೋಡುತ್ತ ಇದ್ದೆ.