ಮುರಿಯಲೆಂದೇ ಮಾಡಿದ ಜಾಲರಿ

ಕೊರೊನಾ ಮುಗಿದ ಮರುವರ್ಷ ನಾನು ಕೊಪ್ಪಳದ ಖಾಸಗಿ ಪರೀಕ್ಷಾಲಯವೊಂದರಲ್ಲಿ ಹಿರಿಯ ಎಂಜಿನಿಯರ್ ಆಗಿದ್ದೆ. ಕಾರಟಗಿಯ ಅಕ್ಕಿ ಗಿರಣಿ ಮಾಲೀಕರಾದ ವೀರೇಶಪ್ಪ ಒಂದು ಕೆಲಸ ತಂದರು: ಲಿಫ್ಟ್ ಬಿದ್ದರೂ ಒಳಗಿದ್ದವರಿಗೆ ಹೊಡೆತ ತಗಲದಂಥ ಸಾಧನ ಮಾಡಿಕೊಡಬೇಕು. ಅವರ ಗಿರಣಿಯಲ್ಲಿ ಚೀಲ ಏರಿಸುವ ಲಿಫ್ಟಿನ ರೋಪ್ ಹರಿದು, ಆಪರೇಟರ್ ಖಾಜಾಸಾಬರ ಬೆನ್ನುಮೂಳೆಗೆ ಪೆಟ್ಟಾಗಿತ್ತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ ಅವರು ಚೇತರಿಸಿಕೊಂಡು ಅದೇ ಲಿಫ್ಟಿಗೆ ಮರಳಿದ್ದರು. ಲಿಫ್ಟಿನ ಸ್ವಿಚ್ ಒಳಗೇ ಇದ್ದುದರಿಂದ ಅವರು ಚೀಲಗಳ ಜೊತೆ ನಿಂತೇ ಮೇಲೆ ಹೋಗಬೇಕಿತ್ತು.

ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಕಾಲುವೆ ನೀರು ಜಿನುಗುತ್ತಿತ್ತು. ಅಲ್ಲಿ ಸ್ಪ್ರಿಂಗ್ ಕೂರಿಸುವಂತಿರಲಿಲ್ಲ. ಲಿಫ್ಟಿನ ತಳಕ್ಕೇ ಬಿಗಿಯುವಂಥ ಹಗುರವಾದದ್ದು ಬೇಕಿತ್ತು. ನಾನು ಅಲ್ಯೂಮಿನಿಯಂ ಲ್ಯಾಟಿಸ್, ಅಂದರೆ ಸಣ್ಣ ಕಡ್ಡಿಗಳನ್ನು ಪದರ ಪದರವಾಗಿ ಹೆಣೆದಂತಿರುವ ಜಾಲರಿಯ ದಿಮ್ಮಿಗಳನ್ನು, ಎರಡು ಬಗೆಯಲ್ಲಿ ಮಾಡಿಸಿದೆ.

ಲಿಫ್ಟಿನಲ್ಲಿ ಭತ್ತದ ಚೀಲ, ಹೊಡೆತ ಅಳೆಯುವ ಸೆನ್ಸರ್ ಇಟ್ಟು ಬೀಳಿಸಿದೆವು. ದಪ್ಪ ಕಡ್ಡಿಯ ಜಾಲರಿ ಬಾಗಲೂ ಇಲ್ಲ, ಆದರೆ ಹೊಡೆತವನ್ನೆಲ್ಲ ಮೇಲಕ್ಕೆ ದಾಟಿಸಿತ್ತು. ತೆಳು ಕಡ್ಡಿಯದು ಪದರ ಪದರವಾಗಿ ಕುಸಿದು ಹೊಡೆತವನ್ನು ನುಂಗಿತ್ತು. ವೀರೇಶಪ್ಪನವರ ಮುಖ ಸಪ್ಪಗಾಯಿತು.

“ಇದು ಚಪ್ಪಟಿ ಆತಲ್ರಿ ಮೇಡಂ. ದಪ್ಪಂದ ಹಾಕ್ರಿ.”

“ಇದು ಮುರೀಲಿಲ್ಲ ಅಂದ್ರ ಖಾಜಾಸಾಬರ ಬೆನ್ನು ಮುರಿತೈತ್ರಿ,” ಎಂದೆ.

ಪಕ್ಕದಲ್ಲಿದ್ದ ಖಾಜಾಸಾಬರು ಮೆಲ್ಲಗೆ ಕೇಳಿದರು: “ನೀವು ಇದರಾಗ ನಿಂತು ಮ್ಯಾಲ ಹೋಗ್ತೀರೇನ್ರಿ?”

ತೆಳು ಜಾಲರಿ ಬಿಗಿಸಿದ ದಿನ ಅವರ ಜೊತೆ ಮೇಲಿನ ಮಹಡಿಯವರೆಗೆ ಹೋಗಿಬಂದೆ. ಆದರೂ ಮನಸ್ಸು ನೆಲೆ ನಿಲ್ಲಲಿಲ್ಲ. ಭತ್ತದ ಚೀಲಕ್ಕೆ ಬೆನ್ನುಮೂಳೆ ಇರುವುದಿಲ್ಲ. ಕಾರಟಗಿಯಿಂದ ಫೋನ್ ಬಂದರೆ ಮೊದಲು ಖಾಜಾಸಾಬರು ಹೇಗಿದ್ದಾರೆ ಎಂದೇ ಕೇಳುತ್ತಿದ್ದೆ.

ಸುಗ್ಗಿಯ ಒಂದು ಮಧ್ಯಾಹ್ನ ಆ ಫೋನ್ ಬಂದೇ ಬಂತು. ಲಿಫ್ಟ್ ಬಿದ್ದಿದೆ, ಖಾಜಾಸಾಬರು ಒಳಗಿದ್ದರು ಎಂದಷ್ಟೇ ಹೇಳಿ ವೀರೇಶಪ್ಪ ಫೋನ್ ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ಗಂಗಾವತಿ ದಾಟಿದ ಮೇಲೆ ಶ್ರೀರಾಮನಗರದ ಹತ್ತಿರ ಭತ್ತದ ಟ್ರ್ಯಾಕ್ಟರುಗಳ ಸಾಲು. ಹಾರ್ನ್ ಒತ್ತುತ್ತ ಕೂತೆ; ದಪ್ಪನೆಯದೇ ಸರಿಯಿತ್ತೇನೋ ಎಂಬ ಯೋಚನೆ ಬಿಡಲಿಲ್ಲ.

ಖಾಜಾಸಾಬರು ಗಿರಣಿಯ ಅಂಗಳದಲ್ಲಿ ಚೀಲದ ಮೇಲೆ ಕೂತಿದ್ದರು. ಕಾಲಿನ ಹರಡು ಊದಿತ್ತು. “ಬೆನ್ನು ಛಲೋ ಐತ್ರಿ,” ಎಂದರು. ಲಿಫ್ಟಿನ ತಳದ ಜಾಲರಿ ಹಪ್ಪಳದಂತಾಗಿತ್ತು.

ಹೊಸ ದಿಮ್ಮಿ ಯಾವಾಗ ಕೊಡುತ್ತೀರಿ ಎಂದು ವೀರೇಶಪ್ಪ ಕೇಳಿದರು. ಕುಸಿದ ಜಾಲರಿ ಎರಡನೇ ಸಲ ಯಾರನ್ನೂ ಉಳಿಸುವುದಿಲ್ಲ. ಮೊದಲು ಸ್ವಿಚ್ಚನ್ನು ಹೊರಗಿನ ಗೋಡೆಗೆ ತನ್ನಿ, ಆಮೇಲೆ ಕೊಡುತ್ತೇನೆ ಎಂದೆ. ಅವರು ಸ್ವಲ್ಪ ಗೊಣಗಿ, ಎಲೆಕ್ಟ್ರಿಷಿಯನ್‌ನನ್ನು ಕರೆಸಿದರು.

ಈಗ ಯಾವ ಸುರಕ್ಷಾ ಸಾಧನ ಪರೀಕ್ಷೆಗೆ ಬಂದರೂ ಅದು ಎಷ್ಟು ಗಟ್ಟಿ ಎಂದು ಆಮೇಲೆ ನೋಡುತ್ತೇನೆ. ಅಲ್ಲಿ ಮನುಷ್ಯ ನಿಲ್ಲಲೇಬೇಕೇ ಎಂದು ಮೊದಲು ಕೇಳುತ್ತೇನೆ.