‘ಇಲ್ಲ’ ಎಂಬ ಪದವನ್ನು ತಿದ್ದಿದವರು

ರಕ್ತ, ಮೂತ್ರಗಳ ಪರೀಕ್ಷೆಯನ್ನೇ ಬದುಕಿನ ಕಸುಬಾಗಿಸಿಕೊಂಡು, ಒಂದೇ ಆಸ್ಪತ್ರೆಯ ನೆಲಮಹಡಿಯ ಪ್ರಯೋಗಾಲಯದಲ್ಲಿ ಮೂವತ್ನಾಲ್ಕು ವರ್ಷ ಸೇವೆ ಸಲ್ಲಿಸಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ತಂತ್ರಜ್ಞರನ್ನು ಯಾರೂ ಹುದ್ದೆಯ ಹೆಸರಿನಿಂದ ಕರೆದದ್ದಿಲ್ಲ. ಎಲ್ಲರಿಗೂ ಅವರು ‘ಇನ್ನೊಮ್ಮೆ ಮೇಷ್ಟ್ರು’. ಅನುಮಾನ ಬಂದ ಯಾವ ಫಲಿತಾಂಶವನ್ನೂ ‘ಇನ್ನೊಮ್ಮೆ ನೋಡೋಣ’ ಎನ್ನದೆ ಅವರು ಸಹಿ ಮಾಡಿ ಕಳಿಸಿದವರಲ್ಲ. ಹಾಗೆ ನೋಡದೆ ಕಳಿಸಿದ್ದು ಒಂದೇ ಒಂದು ಸಲ. ಈ ಲೇಖನ ಮುಖ್ಯವಾಗಿ ಆ ಒಂದು ಸಲದ ಬಗ್ಗೆ. ಅಭಿನಂದನ ಗ್ರಂಥದಲ್ಲಿ ತಪ್ಪಿನ ಕಥೆ ಬೇಡವೆಂದು ಸಂಪಾದಕರು ಹಿಂಜರಿದಾಗ ಮೇಷ್ಟ್ರೇ ಹೇಳಿ ಕಳಿಸಿದರು: “ಬರೀಲಿ ಬಿಡಿ. ಬರೆಯೋದಾದ್ರೆ ನೆಟ್ಟಗೆ ಬರೀಲಿ.”

ಮೇಷ್ಟ್ರು ಕೆಲಸಕ್ಕೆ ಸೇರಿದಾಗ ಪ್ರಯೋಗಾಲಯದಲ್ಲಿ ಇದ್ದದ್ದು ಒಂದು ಸೂಕ್ಷ್ಮದರ್ಶಕ, ಬಾಗಿಲು ಸರಿಯಾಗಿ ಮುಚ್ಚದ ಒಂದು ಫ್ರಿಜ್ಜು, ಎರಡು ಸ್ಟೂಲು. ಮುಂದೆ ಯಂತ್ರಗಳು ಬಂದವು, ಕಲಿಯುವ ಶಿಷ್ಯರೂ ಬಂದರು. ಅವರಲ್ಲೊಬ್ಬಳು, ಈ ಸಾಲುಗಳನ್ನು ಬರೆಯುತ್ತಿರುವವಳು, ಸೇರಿದ ಮೊದಲ ವಾರವೇ ಇಪ್ಪತ್ತೆರಡು ಜನರ ರಕ್ತದ ಶೀಶೆಗಳಿದ್ದ ಸ್ಟ್ಯಾಂಡನ್ನು ನೆಲಕ್ಕೆ ಕೆಡವಿ ಗಳಗಳನೆ ಅತ್ತಳು. ಮೇಷ್ಟ್ರು ಗದರಲಿಲ್ಲ. ಅವಳನ್ನೇ ಜೊತೆಗೆ ಕರೆದುಕೊಂಡು ಮೂರು ಮಹಡಿ ಹತ್ತಿ, ಇಪ್ಪತ್ತೆರಡು ಹಾಸಿಗೆಗಳ ಬಳಿಗೂ ಹೋಗಿ, “ನಮ್ಮಿಂದ ತಪ್ಪಾಯ್ತು, ಇನ್ನೊಮ್ಮೆ ಕೈ ಕೊಡ್ತೀರಾ?” ಎಂದು ಕೇಳಿದರು. ‘ಇವಳಿಂದ’ ಎನ್ನದೆ ‘ನಮ್ಮಿಂದ’ ಎಂದದ್ದನ್ನು ಆ ಶಿಷ್ಯೆ ಇವತ್ತಿಗೂ ಮರೆತಿಲ್ಲ.

ಹದಿನೈದು ವರ್ಷದ ಹಿಂದೆ, ಶಾಲೆಗಳು ತೆರೆಯುವ ಮುಂಚಿನ ವಾರದ ಒಂದು ಬೆಳಗ್ಗೆ, ನಲವತ್ತರ ಹತ್ತಿರದ ಹೆಂಗಸೊಬ್ಬರನ್ನು ಗಂಡ ಮತ್ತು ಅಕ್ಕ ಸೇರಿ ಆಸ್ಪತ್ರೆಗೆ ತಂದರು. ಆಕೆ ಟೈಲರಮ್ಮ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿರುವುದು. ಇನ್ನೂರು ಯೂನಿಫಾರ್ಮುಗಳನ್ನು ಒಬ್ಬರೇ ಹೊಲಿಯಲು ಒಪ್ಪಿಕೊಂಡಿದ್ದ ಆಕೆ ನಾಲ್ಕು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಮೈ ಕಾದ ಹಂಚಿನಂತಿತ್ತು. ಎದೆಬಡಿತ ನಿಮಿಷಕ್ಕೆ ನೂರ ಅರವತ್ತು. ಚರ್ಮದ ಅಡಿಯಲ್ಲಿ ಹುಳ ಹರಿಯುತ್ತಿವೆ ಎಂದು ತೋಳು ಕೆರೆದುಕೊಂಡು ಗಾಯ ಮಾಡಿಕೊಂಡಿದ್ದರು. ಒಂಬತ್ತು ವರ್ಷದ ಮಗಳು ಹತ್ತಿರ ಬಂದರೆ, “ಇವಳು ನನ್ನ ಮಗಳಲ್ಲ, ಯಾರೋ ವೇಷ ಹಾಕ್ಕೊಂಡು ಬಂದಿದಾರೆ” ಎಂದು ಕಿರುಚಿದರು.

ಮೂತ್ರದ ಸ್ಯಾಂಪಲ್ ನೆಲಮಹಡಿಗೆ ಬಂತು. ಮಾದಕ ವಸ್ತು ಪತ್ತೆಗೆ ಆಗ ಇದ್ದದ್ದು ಆರು ಗೆರೆಗಳ ಒಂದು ಕಿಟ್, ಒಂದೊಂದು ಗೆರೆ ಒಂದೊಂದು ಪರಿಚಿತ ವಸ್ತುವಿಗೆ. ಆರರಲ್ಲೂ ಏನೂ ಸಿಗಲಿಲ್ಲ. ಅಂದು ಕೆಲಸ ವಿಪರೀತವಾಗಿತ್ತು. ಮೇಷ್ಟ್ರು ಫಾರಂನಲ್ಲಿ ‘ಮಾದಕ ವಸ್ತು: ಇಲ್ಲ’ ಎಂದು ಬರೆದು ಸಹಿ ಹಾಕಿದರು.

ಆ ‘ಇಲ್ಲ’ ಮೇಲಿನ ಮಹಡಿಗೆ ಹತ್ತಿ ಬೇರೆಯೇ ಅರ್ಥ ಪಡೆಯಿತು. ಏನೂ ಸೇವಿಸಿಲ್ಲವೆಂದರೆ ಇದು ಮನೋರೋಗವೇ ಎಂದು ಡ್ಯೂಟಿ ಡಾಕ್ಟರು ತೀರ್ಮಾನಿಸಿದರು. ಕೈಕಾಲು ಕಟ್ಟಿಸಿದರು. ವಿಷಯ ತಿಳಿದ ಗಂಡನ ಅಣ್ಣ ಬಂದು ಮಗುವನ್ನು ತಮ್ಮ ಮನೆಗೆ ಕರೆದೊಯ್ದರು.

ಮರುದಿನ ಮತ್ತೊಂದು ಸ್ಯಾಂಪಲ್ ಬಂದಾಗ ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಕಡು ಚಹಾದ ಡಿಕಾಕ್ಷನ್ನಿನ ಬಣ್ಣ. ಅದರಲ್ಲಿ ಅದ್ದಿದ ಪರೀಕ್ಷೆಯ ಪಟ್ಟಿ ರಕ್ತವಿದೆ ಎಂದಿತು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಒಂದು ಕೆಂಪು ಕಣವೂ ಕಾಣಲಿಲ್ಲ. ಇನ್ನೊಮ್ಮೆ ನೋಡಿದರು. ಮೂರನೆಯ ಸಲವೂ ನೋಡಿದರು. ಆಮೇಲೆ ಗಾಜಿನ ಶೀಶೆಯನ್ನು ಕೈಯಲ್ಲಿ ಹಿಡಿದೇ ಮೆಟ್ಟಿಲು ಹತ್ತಿದರು.

“ಡಾಕ್ಟ್ರೇ, ಇದು ರಕ್ತ ಅಲ್ಲ. ಮೈಯ ಮಾಂಸಖಂಡ ಒಡೆದು ಮೂತ್ರಕ್ಕೆ ಬರ್ತಿದೆ. ಇನ್ನು ಕಿಡ್ನಿಗೇ ಕುತ್ತು ಬರುತ್ತೆ. ಮೈ ಕಾವು ಇಳಿಸಿ, ಡ್ರಿಪ್ ಜಾಸ್ತಿ ಮಾಡಿ. ಕಟ್ಟಿದ್ದು ಬಿಚ್ಚಿಸೋದಕ್ಕೆ ಆಗುತ್ತಾ ನೋಡಿ, ಜಗ್ಗಾಡಿದಷ್ಟೂ ಅಪಾಯ.”

“ನಿನ್ನೆ ಏನೂ ಇಲ್ಲ ಅಂತ ಬರೆದು ಕಳಿಸಿದ್ದು ನೀವೇ ಅಲ್ವಾ?”

“ಬರೆದೆ. ಏನೋ ಇದೆ ಅಂತ ಇವತ್ತು ಹೇಳ್ತಿದೀನಿ.”

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಆದರೆ ಹಟಮಾರಿಯಲ್ಲ. ಕಟ್ಟು ಬಿಚ್ಚಿಸಿದರು, ಉದ್ರೇಕ ತಗ್ಗಿಸುವ ಇಂಜೆಕ್ಷನ್ ಕೊಟ್ಟರು, ಒದ್ದೆ ಬಟ್ಟೆ ಹಾಸಿ, ಫ್ಯಾನ್ ಇಟ್ಟು, ಕೋಣೆಯ ಸದ್ದು ನಿಲ್ಲಿಸಿದರು. ಕಿಡ್ನಿಗಳು ಉಳಿದವು.

ಆಗ ಮೇಷ್ಟ್ರು ತಮ್ಮ ಕೆಲಸದ ಗೆರೆ ದಾಟಿದರು. ಹೊಲಿಗೆ ಅಂಗಡಿಗೆ ಹೋಗಿ, ಟೈಲರಮ್ಮನ ಅಕ್ಕನ ಎದುರು ಕೂತು, “ಅವರು ಏನು ತಗೊಂಡ್ರು ಹೇಳಿ. ಪೊಲೀಸರಿಗೆ ಹೇಳೋಕೆ ಕೇಳ್ತಿಲ್ಲಮ್ಮ, ತಂಗಿ ಉಳೀಲಿ ಅಂತ ಕೇಳ್ತಿದೀನಿ” ಎಂದರು. ಗುಂಡಿಗಳ ಡಬ್ಬಿಯ ತಳದಿಂದ ಮಿಣಮಿಣ ಹೊಳೆಯುವ ಒಂದು ಸಣ್ಣ ಪೊಟ್ಟಣ ಹೊರಬಂತು. ಮೇಲೆ ‘ಸ್ನಾನದ ಉಪ್ಪು’ ಎಂಬ ಬರಹ, ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಸೇವನೆಗಲ್ಲ’. ದಣಿವು ಕಳೆಯುವ ಪುಡಿ, ಕಾಫಿಗಿಂತ ಸ್ವಲ್ಪ ಜೋರು ಎಂದು ಪರಿಚಯದವರೊಬ್ಬರು ಕೊಟ್ಟಿದ್ದರಂತೆ. ಮೊದಲ ದಿನ ಕೈ ಹಾರುವಂತೆ ಓಡಿತು. ಅಮಲು ಇಳಿದಾಗ ಜೀವವೇ ಬೇಡವೆನಿಸಿತು. ಅದಕ್ಕೆ ಮತ್ತೊಂದು ಚಿಟಿಕೆ, ಅದಕ್ಕೆ ಇನ್ನೊಂದು.

ಪೊಟ್ಟಣವನ್ನೂ ಉಳಿಸಿಟ್ಟಿದ್ದ ಮೊದಲ ದಿನದ ಸ್ಯಾಂಪಲನ್ನೂ ಮಂಜುಗಡ್ಡೆಯಲ್ಲಿಟ್ಟು ಮೇಷ್ಟ್ರು ದೂರದ ವಿಶ್ವವಿದ್ಯಾಲಯದ ದೊಡ್ಡ ಯಂತ್ರಕ್ಕೆ ಕಳಿಸಿದರು. ಮೂರು ವಾರದ ಮೇಲೆ ಉತ್ತರ ಬಂತು: ಕಾರ್ಖಾನೆಯಲ್ಲಿ ಹೊಸದಾಗಿ ಕಟ್ಟಿದ ಉತ್ತೇಜಕ ರಾಸಾಯನಿಕ. ನಿಷೇಧದ ಪಟ್ಟಿಯಲ್ಲಿರುವ ವಸ್ತುವಿನ ರಚನೆಯಲ್ಲಿ ಒಂದು ಮೂಲೆಯನ್ನಷ್ಟೇ ಬದಲಿಸಿ ಮಾಡಿದ್ದು. ಮೆದುಳಿಗೆ ಅದು ಹಳೆಯದರಷ್ಟೇ ಚೆನ್ನಾಗಿ ಹೊಂದಿಕೊಂಡಿತ್ತು. ಕಾನೂನಿಗೂ ಆರು ಗೆರೆಗಳ ಕಿಟ್ಟಿಗೂ ಸಿಕ್ಕಿರಲಿಲ್ಲ.

ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಮೇಷ್ಟ್ರು ಗಂಡನ ಅಣ್ಣನ ಮನೆಗೆ ಹೋದರು. ಆಸ್ಪತ್ರೆ ಕಳಿಸಿದ್ದಲ್ಲ, ತಾವಾಗಿ ಹೋದದ್ದು. ಅಣ್ಣ ಮೊದಲ ವರದಿಯನ್ನೇ ಮುಂದೆ ಹಿಡಿದರು. “ನಿಮ್ಮ ಕಾಗದಾನೇ ಹೇಳ್ತಲ್ಲ ಸ್ವಾಮಿ. ಏನೂ ತಗೊಂಡಿಲ್ಲ ಅಂದ್ಮೇಲೆ ತಲೆ ಕೆಟ್ಟಿದೆ ಅಂತಲೇ ಅಲ್ವಾ?”

“ಆ ಕಾಗದ ಬರೆದ ಕೈ ಇದೇ. ನನಗೆ ಸಿಗಲಿಲ್ಲ ಅಂತ ಬರೀಬೇಕಿತ್ತು, ಇಲ್ಲ ಅಂತ ಬರೆದುಬಿಟ್ಟೆ. ತಪ್ಪು ನನ್ನದು.”

ಒಳಗಿನಿಂದ ಟೈಲರಮ್ಮನ ಓರಗಿತ್ತಿ ಬಂದರು. “ಹಾಗಾದ್ರೆ ಅವಳು ಪುಡಿ ತಿಂದಿದ್ದು ನಿಜ ಅಂತಾಯ್ತು. ಅದೇನು ಮರ್ಯಾದೆ ವಿಷಯಾನಾ?”

ಮೇಷ್ಟ್ರು ಜೇಬಿನ ಕಾಗದ ತೆಗೆದು ಅವರ ಮುಂದಿಟ್ಟರು. “ಅದು ಏನು ಅಂತ ಕೊಟ್ಟೋರಿಗೂ ಗೊತ್ತಿರ್ಲಿಲ್ಲ, ತಗೊಂಡೋರಿಗೂ ಗೊತ್ತಿರ್ಲಿಲ್ಲ, ಪರೀಕ್ಷೆ ಮಾಡಿದ ನನಗೂ ಗೊತ್ತಾಗಲಿಲ್ಲ. ಇಷ್ಟು ಜನ ದೊಡ್ಡವರು ಎಡವಿದ್ದಕ್ಕೆ ಮಗು ಯಾಕಮ್ಮ ತಾಯಿ ಬಿಟ್ಟಿರಬೇಕು?”

ಬಾಗಿಲ ಮರೆಯಲ್ಲಿದ್ದ ಮಗು ಆಗ ಕೇಳಿತು. “ಅಮ್ಮ ಈಗ ನನ್ನ ಗುರುತು ಹಿಡೀತಾಳಾ?”

“ನಿನ್ನೆ ವಾರ್ಡಿಗೆ ಹೋಗಿದ್ದೆ ಪುಟ್ಟಿ. ನಿನ್ನ ಯೂನಿಫಾರ್ಮಿನ ಲಂಗ ಈ ವರ್ಷ ಒಂದು ಇಂಚು ಕೆಳಗೆ ಬಿಡಬೇಕು ಅಂದ್ರು.”

ಓರಗಿತ್ತಿ ತಿರುಗಿ ಒಳಗೆ ಹೋದರು. ಮಗುವಿನ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬಿ ತಂದುಕೊಟ್ಟವರು ಅವರೇ.

ಟೈಲರಮ್ಮ ಗುಣವಾದರು, ಆದರೆ ತಟಕ್ಕನೆ ಅಲ್ಲ. ತಿಂಗಳುಗಟ್ಟಲೆ ಬೆರಳು ನಡುಗುತ್ತಿದ್ದವು. ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ. ಮೇಷ್ಟ್ರು ಪ್ರತಿ ಶನಿವಾರ ಮಧ್ಯಾಹ್ನ ಅಂಗಡಿಗೆ ಹೋಗಿ, ಕನ್ನಡಕ ಹಣೆಗೇರಿಸಿ, ವಾರಕ್ಕೆ ಸಾಲುವಷ್ಟು ಸೂಜಿಗಳಿಗೆ ಬಣ್ಣಬಣ್ಣದ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಟ್ಟು ಬರುತ್ತಿದ್ದರು. ಅಂಥ ಒಂದು ಶನಿವಾರ ಆಕೆ ತಲೆ ತಗ್ಗಿಸಿ, “ಅದು ಇವತ್ತಿಗೂ ಬೇಕು ಅನ್ಸುತ್ತೆ ಮೇಷ್ಟ್ರೇ. ಹೇಳ್ಕೊಳ್ಳೋಕೆ ನಾಚಿಕೆ” ಎಂದರು. “ಅನಿಸಲಿ. ಅನಿಸಿದಾಗ ನನಗೋ ಅಕ್ಕನಿಗೋ ಫೋನ್ ಮಾಡಿ” ಎಂದರಷ್ಟೇ ಮೇಷ್ಟ್ರು. ಆಕೆ ಮಾಡಿದರು, ಮೊದಮೊದಲು ದಿನಕ್ಕೆ ಎರಡು ಸಲ, ಆಮೇಲೆ ವಾರಕ್ಕೊಮ್ಮೆ. ವರ್ಷ ತುಂಬುವ ಹೊತ್ತಿಗೆ ದಾರವನ್ನು ತಾವೇ ಪೋಣಿಸಿಕೊಳ್ಳತೊಡಗಿದ್ದರು.

ಫಾರಂನಲ್ಲಿದ್ದ ಆ ಒಂದು ಪದವನ್ನು ಬದಲಿಸಲು ಮೇಷ್ಟ್ರಿಗೆ ಎರಡು ವರ್ಷ ಹಿಡಿಯಿತು. ‘ಈ ಆರು ವಸ್ತುಗಳನ್ನು ಹುಡುಕಲಾಯಿತು, ಸಿಗಲಿಲ್ಲ. ಬೇರೊಂದು ಇರಬಹುದು, ರೋಗಿಯ ಲಕ್ಷಣ ನೋಡಿ’ ಎಂದು ಅಚ್ಚಾಗಬೇಕೆಂದು ಅವರ ಹಟ. “ರಿಪೋರ್ಟು ಕೇಳಿದ್ರೆ ಕಾದಂಬರಿ ಬರೀತೀರಲ್ರೀ” ಎಂದು ಆಗಿನ ಅಧೀಕ್ಷಕರು ನಕ್ಕರು. ಮೇಷ್ಟ್ರೂ ನಕ್ಕು, ಮರುವಾರ ಅದೇ ಅರ್ಜಿಯನ್ನು ಇನ್ನೊಮ್ಮೆ ಕೊಟ್ಟರು. ಹನ್ನೊಂದನೆಯ ಅರ್ಜಿಗೆ ಒಪ್ಪಿಗೆ ಸಿಕ್ಕಿತು. ಆ ಸಾಲನ್ನು ಓದಿ ಕಟ್ಟು ಬಿಚ್ಚಿಸಿದ, ಮೈ ತಣಿಸಿದ ಡಾಕ್ಟರುಗಳು ಎಷ್ಟು ಮಂದಿಯೋ. ತಮ್ಮನ್ನು ಉಳಿಸಿದ್ದು ಯಾವ ಸಾಲೆಂದು ಆ ರೋಗಿಗಳಿಗೆ ತಿಳಿದಿರಲಾರದು.

ಎಲ್ಲರೂ ಉಳಿದರೆಂದಲ್ಲ. ಏಳು ವರ್ಷದ ಹಿಂದೆ ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಹಿಂದೆ ತೆಗೆದುಕೊಂಡಿದ್ದ ಅದೇ ಬಣ್ಣದ, ಅದೇ ಹೆಸರಿನ ಪೊಟ್ಟಣವನ್ನೇ ಮತ್ತೆ ಕೊಂಡಳು. ಈ ಸಲ ಒಳಗಿದ್ದದ್ದು ಬೇರೆ, ಹಲವು ಪಟ್ಟು ತೀಕ್ಷ್ಣವಾದದ್ದು. ಅವಳ ಹೃದಯ ತಡೆಯಲಿಲ್ಲ. ಅವಳ ತಂದೆ ಪ್ರಯೋಗಾಲಯದ ಕಿಟಕಿಯಲ್ಲಿ ನಿಂತು, “ನನ್ನ ಮಗಳು ಕೆಟ್ಟವಳಾ?” ಎಂದು ಕೇಳಿದರು. ಮೇಷ್ಟ್ರು ಹೊರಗೆ ಬಂದು ಅವರ ಪಕ್ಕ ಬೆಂಚಿನ ಮೇಲೆ ಕೂತು, “ಅಲ್ಲ. ನಿದ್ದೆಗೆಟ್ಟ ಹುಡುಗಿ” ಎಂದರು. ಅಂದಿನಿಂದ ಕರೆದ ಕಾಲೇಜುಗಳಿಗೆಲ್ಲ ಹೋಗುತ್ತಾರೆ. ಹೆದರಿಸುವ ಚಿತ್ರಗಳನ್ನು ತೋರಿಸುವುದಿಲ್ಲ. ಪೊಟ್ಟಣದ ಮೇಲಿನ ಹೆಸರು ಒಳಗಿನದಕ್ಕೆ ಸಂಬಂಧಿಸಿದ್ದಲ್ಲ ಎನ್ನುತ್ತಾರೆ. ಗೆಳೆಯರ ಮೈ ಬಿಸಿಯಾಗಿ ಮಾತು ತಪ್ಪಿದರೆ ಬೈಗುಳಕ್ಕೆ ಅಂಜಿ ಕೂರದೆ ಆಸ್ಪತ್ರೆಗೆ ಕರೆತನ್ನಿ, ಏನು ತಗೊಂಡರೆಂದು ಹೇಳಿ ಎನ್ನುತ್ತಾರೆ. ಮನೆಗೆ ಬಂದು ಆ ದಿನ ಯಾರೊಡನೆಯೂ ಹೆಚ್ಚು ಮಾತಾಡುವುದಿಲ್ಲವೆಂದು ಅವರ ಪತ್ನಿ ಹೇಳುತ್ತಾರೆ.

ವ್ಯಸನಮುಕ್ತಿ ಕೇಂದ್ರದವರು ವಾರಕ್ಕೆ ಎರಡು ದಿನ ಬರಬೇಕೆಂದು ಈಗಾಗಲೇ ಮೇಷ್ಟ್ರನ್ನು ಕೇಳಿದ್ದಾರೆ. ಅವರು ಮೂರು ದಿನಕ್ಕೆ ಒಪ್ಪಿಬಿಟ್ಟಿದ್ದಾರೆ. “ಉಳಿದ ನಾಲ್ಕು ದಿನ ನನ್ನದು, ಬರೆದಿಡಿ” ಎಂದು ಅವರ ಪತ್ನಿ ಈ ಲೇಖಕಿಗೆ ಹೇಳಿದ್ದಾರೆ, ಬರೆದಿಟ್ಟಿದೆ. ಆ ನಾಲ್ಕು ದಿನಗಳಲ್ಲಿ ನಮ್ಮ ಗುರುಗಳಿಗೆ ಮಧ್ಯಾಹ್ನದ ಊಟ ಆರುವ ಮುಂಚೆ ಸಿಗಲಿ, ಕಣ್ತುಂಬ ನಿದ್ದೆ ಬರಲಿ. ಆ ಮೂರು ದಿನಗಳಲ್ಲಿ ಎದುರಿಗೆ ಕೂತು ತಲೆ ತಗ್ಗಿಸಿದವರೆಲ್ಲ, ಅವರ ಮಾತು ಮುಗಿಯುವುದರೊಳಗೆ ತಲೆ ಎತ್ತುವಂತಾಗಲಿ. ಅಂಥ ವಾರಗಳು ಅವರಿಗೆ ಸಾವಿರಾರು ಬರಲಿ.